ಸರ್ಕಾರಿ ಲದ್ದಿಯ ಬಗ್ಗೆ ಒಂದು ತಕರಾರು

ಮಾಜಿ ಸೈನಿಕರ ಕಲ್ಯಾಣ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಅಳಿಯ ಸರ್ಕಾರದ ಲದ್ದಿ ಕದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಿಮ್ಮ ಕಚೇರಿಯಿಂದ ಬಂದ ನೋಟಿಸಿನ ಸುದ್ದಿ ಕೇಳಿದ ನಮ್ಮ ಬೀದಿಯ ಅರ್ಧ ಜನ ಹಾಗೆಂದೇ ನಂಬಿದ್ದಾರೆ. 'ಇಲಾಖೆಯ ಸುಪರ್ದಿಯಲ್ಲಿರುವ ಪ್ರಾಣಿಗಳ ಆವರಣವನ್ನು ಅನುಮತಿಯಿಲ್ಲದೆ ಪ್ರವೇಶಿಸಿ, ಅಲ್ಲಿನ ತ್ಯಾಜ್ಯವನ್ನು ಸ್ಥಳಾಂತರಿಸಿರುವುದು' ಅವನ ಮೇಲಿನ ಆರೋಪ. ಎಷ್ಟು ಗಂಭೀರವಾದ ಮಾತು! ಯಾರೋ ಖಜಾನೆಯನ್ನೇ ಹೊತ್ತುಕೊಂಡು ಹೋದಂತಿದೆ. ಆ ಸ್ಥಳಾಂತರ ಎಲ್ಲಿಂದ ಎಲ್ಲಿಗೆ ನಡೆಯಿತು ಗೊತ್ತೇ? ಒಂದು ಕುದುರೆಯ ಕಾಲಡಿಯಿಂದ ಗೋಡೆ ಪಕ್ಕದ ಗುಂಡಿಗೆ. ನಿಮ್ಮ ಕಡೆಯವರು ಯಾರೂ ಮಾಡದೆ ಬಿಟ್ಟಿದ್ದ ಕೆಲಸವನ್ನು ಅವನು ಮಾಡಿದ. ಅದಕ್ಕೆ ಉತ್ತರ ಕೊಡಬೇಕೆಂದು ನೀವು ಕೇಳಿದ್ದೀರಿ. ಅವನು ಕೊಡುವುದಿಲ್ಲ, ಕೊಡುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ನಾನು ಕೊಡುತ್ತಿದ್ದೇನೆ, ಊರಿಗೆಲ್ಲ ಕೇಳುವಂತೆ.

ನಾನು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ದಾದಿಯರಿಗೆ, ನಿಮ್ಮದೇ ಕಚೇರಿಯ ಜವಾನರಿಗೆ ಸಮವಸ್ತ್ರ ಹೊಲಿದು ಮಗಳನ್ನು ಸಾಕಿದವಳು. ಅಳಿಯನನ್ನು ಬಹುವಚನದಲ್ಲಿ ಮಾತನಾಡಿಸುವ ಮನೆತನ ನಮ್ಮದು. ಆದರೆ ಸೈನ್ಯದಿಂದ ಬಂದ ಮೇಲೆ ಅವನು ನನ್ನ ಮನೆಯಲ್ಲೇ ಉಳಿದ. ಮಗುವಿನ ಹಾಗೆ ಅವನ ಕೈಗೆ ತಟ್ಟೆ ಕೊಡುತ್ತಾ ಕೊಡುತ್ತಾ ಬಹುವಚನ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅವನು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಸಾಲುಸಾಲಾಗಿ ಹೋಗುವ ಲಾರಿಗಳಲ್ಲಿ ಮುಂದಿನದು ಅವನದು. ಕೈಕಾಲು ನೆಟ್ಟಗೆ ಇಟ್ಟುಕೊಂಡು, ಎದೆಗೊಂದು ಪದಕ ಸಿಕ್ಕಿಸಿಕೊಂಡು ಮನೆಗೆ ಬಂದ. "ಏನೂ ಆಗಿಲ್ಲವಲ್ಲ, ಪುಣ್ಯವಂತರು ನೀವು" ಎಂದರು ಬೀದಿಯವರು. ಅವನು ಬಂದ ಮರುದಿನ ನಾನು ಹೊಲಿಗೆ ಯಂತ್ರದ ಮುಂದೆ ಕೂತು ದಪ್ಪ ಬಟ್ಟೆಯ ಮೇಲೆ ಸೂಜಿ ಓಡಿಸಿದೆ. ಟಕಟಕಟಕ ಎಂದಿತು. ತಿರುಗಿ ನೋಡಿದರೆ ನನ್ನ ಅಳಿಯ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಚೂರು ಬಟ್ಟೆಗಳ ನಡುವೆ ಮುದುರಿ ಮಲಗಿದ್ದ. ಪದಕ ಪಡೆದ ಗಂಡಸು. ಅಂಗಡಿಯಲ್ಲಿ ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರಿದ್ದರು. ಒಬ್ಬಳು ನಕ್ಕಳು. ಆ ನಗು ನನಗಿಂತ ಅವನಿಗೆ ಹೆಚ್ಚು ಕೇಳಿಸಿರಬೇಕು.

ಯಂತ್ರವನ್ನು ನಾನು ಪಕ್ಕದ ಪಾತ್ರೆ ಅಂಗಡಿಯ ಹಿಂಕೋಣೆಗೆ ಸಾಗಿಸಿದೆ. ಅವನು ಬಾಗಿಲ ಬಳಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡ. ಬೆನ್ನು ಗೋಡೆಗೆ, ಮುಖ ಬೀದಿಗೆ. ಬೆಳಗಿನ ಕಾಫಿಯಿಂದ ಕತ್ತಲಾಗುವವರೆಗೆ ಅಲ್ಲೇ. ಹೋಗುವ ಬರುವ ಪ್ರತಿಯೊಂದು ವಾಹನವನ್ನೂ ಪರೀಕ್ಷೆ ಮಾಡುವವನ ಹಾಗೆ ನೋಡುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ನನ್ನ ಮೊಮ್ಮಗಳು ಅಕ್ಷರ ಕಲಿಯುವ ಮೊದಲು ಕಲಿತ ಪಾಠ, ಅಪ್ಪನನ್ನು ಹಿಂದಿನಿಂದ ಹೋಗಿ ಮುಟ್ಟಬಾರದು ಎನ್ನುವುದು.

ಇಲಾಖೆ ಸುಮ್ಮನಿರಲಿಲ್ಲ, ಒಪ್ಪುತ್ತೇನೆ. ಆಪ್ತ ಸಮಾಲೋಚನೆಗೆ ಕರೆಯಿತು. ಕಬ್ಬಿಣದ ಬಾಗಿಲಿರುವ ಒಂದು ಉದ್ದನೆಯ ಓಣಿಯಲ್ಲಿ, ಬೆನ್ನ ಹಿಂದೆ ಜನ ಓಡಾಡುವ ಬೆಂಚಿನ ಮೇಲೆ ಅವನನ್ನು ಕೂರಿಸಿತು. ಪಕ್ಕದ ಕೋಣೆಯಲ್ಲಿ ಯಾರೋ ಧಡ್ ಧಡ್ ಎಂದು ಠಸ್ಸೆ ಒತ್ತುತ್ತಿದ್ದರು. ಗುಂಡಿನ ಸದ್ದಿಗೆ ಹೆದರಿದವರನ್ನು ಕಾಯಿಸಲು ಇದಕ್ಕಿಂತ ಒಳ್ಳೆಯ ಜಾಗ ನಿಮ್ಮ ಕಟ್ಟಡದಲ್ಲಿ ಬೇರೆ ಇರಲಿಲ್ಲವೇ? ಒಳಗೆ ಕೂತಿದ್ದ ಡಾಕ್ಟರು ಒಳ್ಳೆಯವರೇ. ಮುಂದಿನ ಸಲ ಹೋದಾಗ ಬೇರೊಬ್ಬರಿದ್ದರು, ಅವರೂ ಒಳ್ಳೆಯವರೇ. ಅದರ ಮುಂದಿನ ಸಲ ಇನ್ನೊಬ್ಬರು. ಪ್ರತಿಯೊಬ್ಬರೂ "ಮೊದಲಿಂದ ಹೇಳಿ" ಎನ್ನುತ್ತಿದ್ದರು. ಇವನು "ಲಾರಿ ಓಡಿಸ್ತಿದ್ದೆ" ಎನ್ನುತ್ತಿದ್ದ. ಅಲ್ಲಿಗೆ ಮಾತು ನಿಂತುಹೋಗುತ್ತಿತ್ತು. ಮಾತ್ರೆ ಬರೆದುಕೊಡುತ್ತಿದ್ದರು. ಆ ಮಾತ್ರೆಗಳನ್ನು ಅವನು ಈಗಲೂ ನುಂಗುತ್ತಾನೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಮಾತ್ರೆಯಿಂದ ಅವನ ಮೈ ಸ್ವಲ್ಪ ಸಡಿಲವಾಯಿತು, ಆದರೆ ಕುರ್ಚಿಯಿಂದ ಏಳಲಿಲ್ಲ.

ಅವನನ್ನು ಎಬ್ಬಿಸಿದವಳು ನನ್ನ ಗಿರಾಕಿ. ಪೊಲೀಸರ ಕುದುರೆಗಳನ್ನು ಪಳಗಿಸುವ ಕೆಲಸದಲ್ಲಿ ಆಯುಷ್ಯ ಕಳೆದ ಹೆಂಗಸು. ಊರೆಲ್ಲ ಲಗಾಮಕ್ಕ ಎಂದೇ ಕರೆಯುತ್ತದೆ. ನಿವೃತ್ತಿಯಾದ ಮೇಲೆ, ಕೆಲಸಕ್ಕೆ ಬಾರದೆಂದು ಸೈನ್ಯವೂ ಪೊಲೀಸರೂ ಕೈಬಿಟ್ಟ ಕುದುರೆಗಳನ್ನು ಊರಾಚೆ ನಿಮ್ಮ ಇಲಾಖೆಯ ಬೀಳು ಜಮೀನಿನಲ್ಲಿ ಸಾಕುತ್ತಿದ್ದಳು. ನಿಮ್ಮ ಕುರ್ಚಿಯಲ್ಲಿ ಹಿಂದೆ ಕೂತಿದ್ದವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಒಂದು ಷರತ್ತು ಮಾತ್ರ: ಬಂದ ಮಾಜಿ ಸೈನಿಕರಿಗೆ ಅಲ್ಲಿ ಕೆಲಸ ಕಲಿಸಬೇಕು. ಜೀನಿನ ಕೆಳಗೆ ಹಾಸುವ ದಪ್ಪ ಬಟ್ಟೆ ಹೊಲಿಸಲು ಅವಳು ಅಂಗಡಿಗೆ ಬಂದಾಗ ಇವನನ್ನು ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ನೇರ ಅವನ ಮುಂದೆ, ಅವನಿಗೆ ಚೆನ್ನಾಗಿ ಕಾಣುವಷ್ಟು ದೂರದಲ್ಲಿ ನಿಂತು, "ಏನಪ್ಪ, ಸಲಿಕೆ ಹಿಡಿಯೋಕೆ ಬರುತ್ತಾ?" ಎಂದಳು.

"ಬರುತ್ತೆ."

"ನಾಳೆ ಬಾ. ಲಾಯ ಗುಡಿಸಬೇಕು. ಮಾತಾಡಬೇಕು ಅಂತೇನಿಲ್ಲ."

ಮಾತಾಡಬೇಕು ಅಂತೇನಿಲ್ಲ! ನಿಮ್ಮ ಓಣಿಯಲ್ಲಿ ಇಷ್ಟು ದಿನದಲ್ಲಿ ಒಬ್ಬರಾದರೂ ಈ ಒಂದು ಮಾತು ಹೇಳಿದ್ದರೆ! ಅವನು ಮರುದಿನ ಹೋದ. ನಡೆದುಕೊಂಡೇ ಹೋದ, ಬಸ್ಸು ಹತ್ತಲು ಅವನಿಂದ ಆಗುತ್ತಿರಲಿಲ್ಲ. ಸಂಜೆ ಮೈತುಂಬ ನಾತ, ಅಂಗೈ ತುಂಬ ಬೊಕ್ಕೆ ಹೊತ್ತುಕೊಂಡು ಬಂದು, ಊಟ ಮಾಡಿ, ಕೂತಲ್ಲೇ ನಿದ್ದೆಹೋದ. ನನ್ನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. "ಅಮ್ಮ, ಪಾತ್ರೆ ಸದ್ದು ಮಾಡಬೇಡ" ಎಂದಳು.

ಅಲ್ಲಿ ದಿನವಿಡೀ ಏನು ನಡೆಯುತ್ತಿತ್ತು ಎಂದು ನೀವು ಕೇಳಬಹುದು. ಕೇಳಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಲದ್ದಿ ಬಾಚುವುದು, ನೆಲಕ್ಕೆ ಒಣಹುಲ್ಲು ಹರಡುವುದು, ತೊಟ್ಟಿಗೆ ನೀರು ತುಂಬುವುದು. ಮೈ ಉಜ್ಜುವುದು, ಗೊರಸಿನ ಸಂದಿಯ ಕೆಸರು ಕೆರೆದು ತೆಗೆಯುವುದು. ಮುರಿದ ಬೇಲಿ ಕಟ್ಟುವುದು. ಸವಾರಿ ಎಲ್ಲಕ್ಕಿಂತ ಕೊನೆಗೆ, ಅದೂ ಬೇಕೆನ್ನುವವರಿಗೆ. ಕುದುರೆ ಎಂದರೆ ಏನೆಂದುಕೊಂಡಿದ್ದೀರಿ? ಬಾಗಿಲು ಬಡಿದರೆ ಬೆಚ್ಚುತ್ತದೆ, ಎಲೆ ಅಲುಗಿದರೆ ಕಿವಿ ನಿಮಿರಿಸುತ್ತದೆ. ಹತ್ತಿರ ಬಂದವನ ಮೈ ಬಿಗಿಯಾಗಿದ್ದರೆ ತಾನೂ ಬಿಗಿಯಾಗಿ ದೂರ ಸರಿಯುತ್ತದೆ. ಅದನ್ನು ಮುಟ್ಟಬೇಕಾದರೆ ಮೊದಲು ನಿಮ್ಮ ಉಸಿರು ಕೆಳಗಿಳಿಯಬೇಕು. "ಹೆದರಬೇಡಿ" ಎಂದು ನೀವೆಲ್ಲ ನನ್ನ ಅಳಿಯನಿಗೆ ಹೇಳಿದಿರಿ. ಕುದುರೆಯ ಮುಂದೆ ಅವನೇ ಇನ್ನೊಂದು ಜೀವಕ್ಕೆ "ಹೆದರಬೇಡ" ಎಂದು ಹೇಳಬೇಕಾಯಿತು. ಹೇಳಬೇಕಾದರೆ ತಾನು ಹೆದರದೆ ನಿಲ್ಲಬೇಕಾಯಿತು.

ಒಂದು ಸಂಜೆ ಊಟದ ನಡುವೆ ಯಾರೂ ಕೇಳದೆಯೇ ಅವನು ಹೇಳಿದ: "ಕುದುರೆಗಳನ್ನೂ ಹಿಂದಿನಿಂದ ಹೋಗಿ ಮುಟ್ಟಬಾರದು."

ನಾನೂ ಮಗಳೂ ತುತ್ತು ಕೈಯಲ್ಲೇ ಹಿಡಿದು ಕೂತೆವು. ಮೊಮ್ಮಗಳು ಮಾತ್ರ, "ಅಯ್ಯೋ, ಥೇಟ್ ಅಪ್ಪನ ಥರ!" ಎಂದು ಕೂಗಿದಳು.

ಅವನು ನಕ್ಕ. ಹಲ್ಲು ಕಾಣುವಂತೆ ನಕ್ಕ, ಮಾನ್ಯರೇ. ಇದನ್ನು ನಿಮ್ಮ ವಾರ್ಷಿಕ ವರದಿಯ ಯಾವ ಪುಟದಲ್ಲಿ ಹಾಕುತ್ತೀರಿ?

ಅವನ ಪಾಲಿಗೆ ಬಂದದ್ದು ಬೂದು ಬಣ್ಣದ ಒಂದು ಹೆಣ್ಣು ಕುದುರೆ. ಗಲಭೆಯೊಂದರಲ್ಲಿ ಪಕ್ಕದಲ್ಲೇ ಪಟಾಕಿ ಸಿಡಿದ ಮೇಲೆ ಜನರ ಹತ್ತಿರ ಹೋಗಲು ಒಪ್ಪದೆ ಪೊಲೀಸರ ಕೆಲಸದಿಂದ ಹೊರಬಿದ್ದದ್ದು. ನಾನು ಹೊಲಿದ ಬಟ್ಟೆ ಕೊಡಲು ಹೋದಾಗ ಅದರ ಹೆಸರೇನೆಂದು ಕೇಳಿದೆ. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವನ ಜೊತೆಗಾರನೊಬ್ಬ ಬಾಯಿಬಿಟ್ಟ. ಸೈನ್ಯದಲ್ಲಿ ಸಂದೇಶ ಕಳಿಸುವ ಕೆಲಸದಲ್ಲಿದ್ದವನು, ಒಂದು ಗಳಿಗೆ ಬಾಯಿ ಮುಚ್ಚದ ಕಾರಣ ಅವನಿಗೆ ರೇಡಿಯೋ ಎಂದೇ ಹೆಸರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಅದರ ಹೆಸರು ಅತ್ತೆ. ಯಾರನ್ನೂ ಸುಲಭಕ್ಕೆ ನಂಬಲ್ಲ, ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೆ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬೀಳಬೇಕು. ಹೆಸರಿಟ್ಟಿದ್ದು ನಿಮ್ಮ ಅಳಿಯಾನೇ." ನನ್ನ ಅಳಿಯ ಬೇಲಿಯ ಕಂಬದ ಹಿಂದೆ ಅಡಗಿಕೊಂಡಿದ್ದ. ಈ ಸಲ ಅಡಗಿದ್ದು ಹೆದರಿಕೆಯಿಂದಲ್ಲ, ನಾಚಿಕೆಯಿಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಈಗ ಆ ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ನಿಮ್ಮ ಕಡತಗಳನ್ನು ಪಕ್ಕಕ್ಕಿಟ್ಟು ಓದಿ.

ಮಗಳಿಗೆ ಕೆಲಸವಿದ್ದುದರಿಂದ ಬುತ್ತಿ ಕೊಡಲು ನಾನೇ ಹೋಗಿದ್ದೆ. ಆ ಬೂದು ಕುದುರೆಗೆ ಹೊಟ್ಟೆಶೂಲೆ ಬಂದಿತ್ತು. ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಬಿದ್ದು ಹೊರಳಲು ಹವಣಿಸುತ್ತಿತ್ತು. ಪಶುವೈದ್ಯರು ಸೂಜಿ ಚುಚ್ಚಿ, "ಮಲಗೋಕೆ ಬಿಡಬೇಡಿ, ಮೆಲ್ಲಗೆ ನಡೆಸ್ತಾ ಇರಿ. ಲದ್ದಿ ಹಾಕಿದರೆ ಉಳೀತು ಅಂತ ಲೆಕ್ಕ" ಎಂದು ಹೇಳಿದ್ದರು. ನನ್ನ ಅಳಿಯ ಹಗ್ಗ ಹಿಡಿದು ಅದನ್ನು ನಡೆಸುತ್ತಿದ್ದ. ಬೇಲಿಯ ಉದ್ದಕ್ಕೂ ಹೋಗುವುದು, ತಿರುಗುವುದು, ಮತ್ತೆ ಬರುವುದು. ಬಿಸಿಲು ನೆತ್ತಿಗೆ ಬಂದು ಇಳಿಯತೊಡಗಿದರೂ ಹಗ್ಗವನ್ನು ಬೇರೆಯವರಿಗೆ ಕೊಡಲಿಲ್ಲ. ನಾನು ನೀರಿನ ತೊಟ್ಟಿಯ ಪಕ್ಕ ಬುತ್ತಿ ಹಿಡಿದು ಕೂತಿದ್ದೆ. ಅವನು ನನ್ನನ್ನು ದಾಟಿ ಹೋಗುವಾಗಲೆಲ್ಲ ಗೊಣಗುವುದು ಕೇಳುತ್ತಿತ್ತು. ಮೊದಲು "ನಡಿ, ನಡಿ, ನಿಲ್ಲಬೇಡ" ಎನ್ನುತ್ತಿದ್ದ. ಆಮೇಲೆ ಮಾತು ಉದ್ದವಾಯಿತು.

"ಮಣ್ಣು ಸ್ವಲ್ಪ ಎದ್ದಿತ್ತು ಕಣೇ. ನೋಡಿದೆ. ದನ ತುಳಿದಿರಬೇಕು ಅಂದ್ಕೊಂಡೆ. ಪಕ್ಕಕ್ಕೆ ಹೊರಳಿಸಿ ದಾಟಿಬಿಟ್ಟೆ. ನಡಿ, ನಿಲ್ಲಬೇಡ. ನನ್ನ ಹಿಂದಿನ ಲಾರೀಲಿ ಅವನಿದ್ದ. ಬೆಳಿಗ್ಗೆ ನನ್ನ ಶೇವಿಂಗ್ ಬ್ರಷ್ ಇಸ್ಕೊಂಡಿದ್ದ, ಸಂಜೆ ಕೊಡ್ತೀನಿ ಅಂದಿದ್ದ. ಕನ್ನಡೀಲಿ ನೋಡ್ತಾ ಇದ್ದೆ ಕಣೇ. ಕನ್ನಡೀಲಿ ಅವನ ಲಾರಿ ಇತ್ತು, ಆಮೇಲೆ ಇರಲಿಲ್ಲ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಬಾರದು ಅಂತ ಆದೇಶ. ಹೊಡ್ಕೊಂಡು ಹೋದೆ."

ಅವನು ಅಳುತ್ತಿರಲಿಲ್ಲ. ದಾರಿ ಹೇಳುವವನ ಹಾಗೆ ಹೇಳುತ್ತಿದ್ದ. ಹೋಗುತ್ತಾ ಒಂದಷ್ಟು, ಬರುತ್ತಾ ಒಂದಷ್ಟು. ನಾನು ತುಣುಕುಗಳನ್ನು ಜೋಡಿಸಿಕೊಳ್ಳುತ್ತಿದ್ದೆ: ದಾರಿಯಲ್ಲಿ ಹೂತಿಟ್ಟ ಬಾಂಬು, ಇವನು ದಾಟಿದ್ದು, ಹಿಂದಿನವನು ದಾಟದೆ ಹೋದದ್ದು. ಲಗಾಮಕ್ಕ ನನ್ನ ಪಕ್ಕ ಬಂದು ಕೂತಳು. ಏಳಲು ಹೊರಟ ನನ್ನ ಭುಜ ಒತ್ತಿ, "ಈಗ ಹೋಗಬೇಡಿ. ಅವಳು ಕೇಳ್ತಾ ಇದಾಳೆ, ಸಾಕು" ಎಂದಳು. ಕುದುರೆಯ ಒಂದು ಕಿವಿ ಅವನ ಕಡೆಗೇ ತಿರುಗಿತ್ತು.

ಹೊತ್ತು ಮುಳುಗುವ ಮೊದಲು ಕುದುರೆ ನಿಂತಿತು. ಬಾಲ ಎತ್ತಿತು. ಲದ್ದಿ ಹಾಕಿತು.

ನಾವು ಕೂಗಿದ ಕೂಗು ನಿಮ್ಮ ಕಚೇರಿಗೆ ಕೇಳಿಸಿರಬೇಕಿತ್ತು. ರೇಡಿಯೋ ಸಲಿಕೆಯನ್ನು ಮೇಲೆತ್ತಿ ಕುಣಿದ. ಪಶುವೈದ್ಯರು ತಮ್ಮ ಕನ್ನಡಕ ಒರೆಸಿಕೊಂಡರು. ನನ್ನ ಅಳಿಯ ಕುದುರೆಯ ಕತ್ತಿಗೆ ಹಣೆ ಒತ್ತಿ ನಿಂತ, ಆಗ ಅತ್ತ. ಎಷ್ಟು ಹೊತ್ತು ಅತ್ತನೋ ಯಾರೂ ನೋಡಲಿಲ್ಲ, ಎಲ್ಲರೂ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಆ ವಾರವೇ ಅವನು ಹೆಂಡತಿಯನ್ನು ಕೂರಿಸಿಕೊಂಡು ಅದೇ ಕತೆಯನ್ನು ಮೊದಲಿಂದ ಹೇಳಿದ. ನಿಮ್ಮ ಡಾಕ್ಟರಿಗೂ ಹೇಳಿದ. ಸತ್ತ ಗೆಳೆಯನ ತಾಯಿಯ ಮನೆಗೆ ಹೋಗಿಬರಬೇಕು ಎಂದ. ನಾನು ಯಂತ್ರವನ್ನು ಅಂಗಡಿಗೆ ವಾಪಸು ತಂದೆ. ಹೊಲಿಯುವ ಮೊದಲು "ಶುರು ಮಾಡ್ತೀನಪ್ಪ" ಎಂದು ಕೂಗಿ ಹೇಳುತ್ತಿದ್ದೆ. "ಮಾಡಿ ಅತ್ತೆ" ಎನ್ನುತ್ತಿದ್ದ. ಅಷ್ಟೇ ಸಾಕಾಗಿತ್ತು.

ಇಂಥ ಹೊತ್ತಿನಲ್ಲಿ ನೀವು ಬಂದಿರಿ.

ನಿಮ್ಮ ಭೇಟಿಯ ದಿನ ನಾನು ಅಲ್ಲಿದ್ದೆ. ನಿಮಗೆ ನೆನಪಿರಲಾರದು, ನಾನು ಬಟ್ಟೆಯ ಗಂಟಿನ ಹಿಂದಿದ್ದೆ. ನೀವು ಕೆಟ್ಟವರಂತೆ ಕಾಣಲಿಲ್ಲ, ಅದೇ ನನ್ನ ಸಂಕಟ. ಮೂಗಿಗೆ ಕರವಸ್ತ್ರ ಹಿಡಿದು ಲಾಯದೊಳಗೆ ಬಂದಿರಿ. ಪದಕ ಪಡೆದವನು ಸಲಿಕೆ ಹಿಡಿದು ನಿಂತದ್ದು ಕಂಡು ನಿಮ್ಮ ಕಣ್ಣು ಒದ್ದೆಯಾಯಿತು. "ದೇಶ ಕಾಯ್ದ ಕೈ ಲದ್ದಿ ಎತ್ತಬೇಕೇ?" ಎಂದಿರಿ. ನನ್ನ ಅಳಿಯ ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, "ಎತ್ತಲೇಬೇಕು ಸರ್. ಇಲ್ಲಾಂದ್ರೆ ಗೊರಸು ಕೊಳೆಯುತ್ತೆ ಸರ್" ಎಂದ. ಅದು ಉತ್ತರವಾಗಿತ್ತು. ನೀವು ಅದನ್ನು ವಿನಯವೆಂದು ತಿಳಿದಿರಿ. ಬೆನ್ನು ತಟ್ಟಿದಿರಿ. ಹಿಂದಿನಿಂದ ತಟ್ಟಿದಿರಿ, ಮಾನ್ಯರೇ. ಅವನು ಬೆಚ್ಚಿದ್ದು ನಿಮಗೆ ಕಾಣಲಿಲ್ಲ, ಕುದುರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯಿತು.

ಆಮೇಲೆ ಬಂದದ್ದು ಆದೇಶ. ಸೈನಿಕರ ಗೌರವಕ್ಕೆ ಕುಂದು ತರುವ ಚಟುವಟಿಕೆಗಳನ್ನು ನಿಲ್ಲಿಸಲಾಗಿದೆ. ಲಾಯಕ್ಕೆ ಬೀಗ. ಕುದುರೆಗಳು ವಿಲೇವಾರಿಗಾಗಿ ಪಕ್ಕದ ಊರಿನ ಇಲಾಖಾ ಉಗ್ರಾಣದ ಹಿತ್ತಲಿಗೆ. ಲಗಾಮಕ್ಕನಿಗೆ ಒಂದು ಶಾಲು, ಒಂದು ಪ್ರಶಸ್ತಿ ಪತ್ರ. ಬದಲಿಗೆ ನಮ್ಮವರಿಗೆ ಸಿಕ್ಕಿದ್ದು ವಿಶ್ರಾಂತಿ ಭವನ. ಮೆತ್ತನೆಯ ಕುರ್ಚಿಗಳು, ತಂಪು ಗಾಳಿ, ಗೋಡೆಯಷ್ಟಗಲದ ಟೀವಿ. ಉದ್ಘಾಟನೆಯ ದಿನ ಆ ಟೀವಿಯಲ್ಲಿ ಯಾವ ಸಿನಿಮಾ ಹಾಕಿದ್ದರು ಗೊತ್ತೇ? ಯುದ್ಧದ್ದು! ಸದ್ದು ದೊಡ್ಡದು ಮಾಡಿ! ದೇಶಭಕ್ತಿ ಉಕ್ಕಲೆಂದು! ನನ್ನ ಅಳಿಯ ಆ ಭವನದ ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ಮನೆಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ರೇಡಿಯೋ ಹೋಗುತ್ತಿದ್ದಾನೆ. ಮನೆಯಲ್ಲಿ ಕೂರಲಾರದೆ ಹೋಗುತ್ತಾನೆ. ಮೊನ್ನೆ ನೋಡಿದೆ, ಸದ್ದಿಲ್ಲದೆ ಕೂತಿದ್ದ. "ಯಾಕಪ್ಪ, ಸುಮ್ಮನಾಗಿಬಿಟ್ಟೆ?" ಎಂದೆ. "ಹೇಳೋಕೆ ಏನಾಗ್ತಿದೆ ಅಮ್ಮ ಇಲ್ಲಿ" ಎಂದ.

ದುಡಿದು ತಿಂದವರಿಗೆ ಕುರ್ಚಿ ಗೌರವವೇ? ಒಂದು ಜೀವ ತನ್ನನ್ನು ನಂಬಿಕೊಂಡಿದೆ ಎಂಬ ಕಾರಣಕ್ಕೆ ಬೆಳಿಗ್ಗೆ ಏಳುತ್ತಿದ್ದವನಿಗೆ, "ನೀನು ಏಳಬೇಕಾಗಿಲ್ಲ, ನೀನು ವೀರ" ಎಂದು ಹೇಳುವುದು ಯಾವ ಬಗೆಯ ಸನ್ಮಾನ? ನಿಮ್ಮ ಕರವಸ್ತ್ರಕ್ಕೆ ನಾತ ಬಡಿದದ್ದಕ್ಕೆ ನಮ್ಮ ಮನೆಯ ಗಂಡಸಿನ ಉಸಿರನ್ನೇ ನಿಲ್ಲಿಸಬೇಕಿತ್ತೇ?

ಅವನು ಕುದುರೆಯನ್ನು ಹುಡುಕಿಕೊಂಡು ಹೋದ. ಬಸ್ಸು ಹತ್ತಿ ಹೋದ. ಹೌದು, ಬಸ್ಸು. ಕಂಡಕ್ಟರ್ ಪಕ್ಕದಲ್ಲಿ ನಿಂತುಕೊಂಡು, ಕಂಬಿ ಬಿಗಿಯಾಗಿ ಹಿಡಿದು. ಉಗ್ರಾಣದ ಹಿತ್ತಲಲ್ಲಿ ಕುದುರೆಗಳು ತಮ್ಮದೇ ಲದ್ದಿಯಲ್ಲಿ, ಮೂತ್ರದಲ್ಲಿ ನಿಂತಿದ್ದವು. ಬೂದು ಕುದುರೆ ಒಂದು ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಕಾವಲುಗಾರ "ಒಳಗೆ ಬಿಡೋ ಹಾಗಿಲ್ಲ" ಎಂದ. ಇವನು ಬೇಲಿಯ ಹೊರಗೆ ನಿಂತ. ಕಾವಲುಗಾರ ನೋಡಿದ, ನೋಡಿದ, ಕೊನೆಗೆ "ಸಲಿಕೆ ಅಲ್ಲಿದೆ ನೋಡಣ್ಣ, ನಾನು ಊಟಕ್ಕೆ ಹೋಗ್ತೀನಿ" ಎಂದು ಮುಖ ತಿರುಗಿಸಿದ. ಆ ಕಾವಲುಗಾರನಿಗೂ ನೀವು ಕಾರಣ ಕೇಳಿದ್ದೀರಂತೆ. ಇಲಾಖೆಯಲ್ಲಿ ಸರಿಯಾಗಿ ಕೆಲಸ ಮಾಡಿದ ಒಬ್ಬನನ್ನು ಕೊನೆಗೂ ಪತ್ತೆಹಚ್ಚಿದ್ದೀರಿ, ಅಭಿನಂದನೆ.

ಕೆಲವು ವಾರ ಅವನು ಹೀಗೆ ಹೋಗಿಬಂದ. ಗೊರಸಿಗೆ ಔಷಧಿ ಹಚ್ಚಿದ. ಕುದುರೆ ನಾಲ್ಕೂ ಕಾಲೂರಿ ನಿಂತಿತು ಎಂದು ಬಂದು ಹೇಳಿದ ದಿನ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿದ. ಆಮೇಲೆ ನಿಮ್ಮ ನೋಟಿಸು ಬಂತು.

ಅವನು ಓದಿದ, ಮಡಿಸಿ ಜೇಬಿಗಿಟ್ಟ, ಬೆತ್ತದ ಕುರ್ಚಿಯನ್ನು ಎಳೆದು ಬಾಗಿಲ ಬಳಿ ಹಾಕಿದ.

"ಹೋಗಪ್ಪ, ಏನಾದರೂ ಆಗಲಿ, ನಾನು ನೋಡ್ಕೋತೀನಿ" ಎಂದೆ.

"ಆಗಲ್ಲ ಅತ್ತೆ. ಆದೇಶ ಅಂದ್ರೆ ಆದೇಶ."

ನನ್ನ ಮಗಳು ಅವನ ಮುಂದೆ ಮೊಣಕಾಲೂರಿ ಕೂತಳು. "ನಿನಗೆ ಹೋಗಬೇಕು ಅನ್ನಿಸಲ್ವಾ?" ಎಂದು ಕೇಳಿದಳು. ಅವನು ಬೀದಿಯನ್ನೇ ನೋಡುತ್ತಾ, "ಅನ್ನಿಸೋದನ್ನ ಯಾರು ಕೇಳಿದಾರೆ" ಎಂದ. ಅಂದಿನಿಂದ ಅಲ್ಲೇ ಇದ್ದಾನೆ. ಯಂತ್ರ ಮತ್ತೆ ಪಾತ್ರೆ ಅಂಗಡಿಗೆ ಹೋಗಿದೆ.

ನಾವು ಸುಮ್ಮನೆ ಕೂತಿಲ್ಲ. ಲಗಾಮಕ್ಕ ನಿಮ್ಮ ಕಚೇರಿಗೆ ಅಲೆದಳು; ಪ್ರತಿ ಸಲವೂ ನೀವು ಸಭೆಯಲ್ಲಿದ್ದಿರಿ. ಅವನ ಕತೆ ಕೇಳಿದ್ದ ಡಾಕ್ಟರು ನಿಮಗೆ ಬರೆದರು. ಕುದುರೆಯಿಂದ ಗುಣವಾಗುತ್ತದೆಯೆಂಬುದಕ್ಕೆ ಪುರಾವೆ ಏನು ಎಂದು ನಿಮ್ಮ ಕಚೇರಿ ತಿರುಗಿ ಕೇಳಿತು. ಪುರಾವೆ ನಮ್ಮ ಮನೆಯ ಬಾಗಿಲಲ್ಲಿ ಕೂತಿದೆ, ಬಂದು ನೋಡಿ. ಎದ್ದು ಓಡಾಡುತ್ತಿದ್ದ ಪುರಾವೆ, ನೀವು ಕೂರಿಸಿದ ಮೇಲೆ ಕೂತಿದೆ. ಎಲ್ಲರಿಗೂ ಕುದುರೆಯೇ ಮದ್ದು ಎಂದು ನಾನು ವಾದಿಸುತ್ತಿಲ್ಲ. ರೇಡಿಯೋನ ಗೆಳೆಯನೊಬ್ಬ ಒಂದೇ ದಿನ ಬಂದು, "ನನಗಿದು ಆಗಲ್ಲ" ಎಂದು ಹೋದ. ಹೋಗಲಿ, ಅವನಿಗೆ ಬೇರೇನೋ ಬೇಕು. ಯಾರಿಗೆ ಏನು ಬೇಕೆಂದು ಅವರನ್ನೇ ಕೇಳಿ ಎಂಬುದಷ್ಟೇ ನನ್ನ ವಾದ.

ನನ್ನ ಅಳಿಯನಂಥವರನ್ನು ನಿಮ್ಮವರೇ ತಯಾರು ಮಾಡಿದ್ದು. ನಿಲ್ಲು ಎಂದರೆ ನಿಲ್ಲುವವರು, ನಿಲ್ಲಿಸಬೇಡ ಎಂದರೆ ಗೆಳೆಯ ಉರಿಯುತ್ತಿದ್ದರೂ ಲಾರಿ ನಿಲ್ಲಿಸದವರು. ಬೇಡವೆಂದು ನೀವು ಬರೆದಿರಿ, ಅವನು ಕುರ್ಚಿ ಎಳೆದುಕೊಂಡ. ನನ್ನ ಮಾತು, ಅವನ ಹೆಂಡತಿಯ ಕಣ್ಣೀರು, ಅವನ ಪುಟ್ಟ ಮಗಳ ಕೈ, ಯಾವುದೂ ನಿಮ್ಮ ಕಾಗದದ ಎದುರು ನಿಲ್ಲಲಿಲ್ಲ. ಹಾಗಾದರೆ ಇನ್ನೊಂದು ಕಾಗದ ಬರೆಯಿರಿ. ಲಾಯದ ಬೀಗ ತೆಗೆಯಿರಿ, ಕುದುರೆಗಳನ್ನು ವಾಪಸು ತನ್ನಿ, ಲಗಾಮಕ್ಕನಿಗೆ ಬೀಗದ ಕೈ ಕೊಡಿ. ಅದಕ್ಕೆಲ್ಲ ಸಭೆ ಸೇರಬೇಕು, ಕಡತ ಏಳಬೇಕು ಎನ್ನುತ್ತೀರಿ, ಗೊತ್ತು. ಅದಕ್ಕೂ ಮೊದಲು, ಇವತ್ತೇ, ನನ್ನ ಅಳಿಯನ ಹೆಸರಿಗೆ ಒಂದು ಸಾಲು ಬರೆದು ಸಹಿ ಹಾಕಿ: ನಾಳೆ ಬೆಳಿಗ್ಗೆ ಹೋಗಿ ಕುದುರೆ ನೋಡಿಕೊಳ್ಳತಕ್ಕದ್ದು. ವಿನಂತಿ ಎಂದು ಬರೆಯಬೇಡಿ. ಆದೇಶ ಎಂದೇ ಬರೆಯಿರಿ. ಅವನು ಏಳುತ್ತಾನೆ.

ಇಂತಿ,
ನಿಮ್ಮ ಮೇಲಿನ ವಿಶ್ವಾಸವನ್ನು ಪೂರ್ತಿ ಕಳೆದುಕೊಳ್ಳುವ ಅನುಕೂಲವೂ ಇಲ್ಲದ,
ಬಸ್ ನಿಲ್ದಾಣದ ಹಿಂದಿನ ಬೀದಿಯ ದರ್ಜಿ